ಮಾನಸಿಕ ಕಾಯಿಲೆಯ ಮಾತ್ರೆ: ಮುಂದುವರಿಸುವುದೇ, ನಿಲ್ಲಿಸುವುದೇ? ಒಂದು ಸಮಗ್ರ ಮಾರ್ಗದರ್ಶಿ

"ಈಗ ಚೆನ್ನಾಗಿಯೇ ಇದ್ದೇನಲ್ಲ, ಇನ್ನೆಷ್ಟು ದಿನ ಈ ಮಾತ್ರೆ?" ಖಿನ್ನತೆಯೋ ಆತಂಕವೋ ಬೈಪೋಲಾರೋ ಸ್ಕಿಜೋಫ್ರೇನಿಯಾವೋ, ಚೇತರಿಸಿಕೊಳ್ಳುತ್ತಿರುವ ಯಾರ ತಲೆಯಲ್ಲಾದರೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಜನ ಎಡವುವುದು ಉತ್ತರ ಕಂಡುಕೊಳ್ಳುವ ರೀತಿಯಲ್ಲಿ. ಬಹಳ ಮಂದಿ ಯಾರಿಗೂ ಹೇಳದೆ ಒಂದು ದಿನ ಮಾತ್ರೆ ಬಿಟ್ಟುಬಿಡುತ್ತಾರೆ. ಮೊದಲ ಕೆಲವು ದಿನ ಏನೂ ಆಗದಿದ್ದರೆ ಬೇಕಾಗಿಯೇ ಇರಲಿಲ್ಲ ಎಂದುಕೊಳ್ಳುತ್ತಾರೆ. ಆಮೇಲೆ ತಲೆ ಸುತ್ತಿ, ನಿದ್ದೆ ಕೆಟ್ಟು, ಅಳು ಬಂದಾಗ ಅದು ಕಾಯಿಲೆಯೋ ಮಾತ್ರೆ ಬಿಟ್ಟ ಪರಿಣಾಮವೋ ತಿಳಿಯುವುದಿಲ್ಲ. ಬಿಟ್ಟ ವಿಷಯವನ್ನೇ ಮುಚ್ಚಿಟ್ಟಿರುವುದರಿಂದ ವೈದ್ಯರಿಗೂ ತಿಳಿಯುವುದಿಲ್ಲ.

ಸಲಹೆ ಕೊಡುವವರಿಗಂತೂ ಬರವಿಲ್ಲ. ಜೀವನಪೂರ್ತಿ ನುಂಗಲೇಬೇಕು ಎನ್ನುವವರು ಒಂದು ಕಡೆ, ಎಲ್ಲವೂ ವಿಷ, ಇವತ್ತೇ ಎಸೆಯಿರಿ ಎನ್ನುವವರು ಇನ್ನೊಂದು ಕಡೆ. ನಿಮ್ಮ ಕಾಯಿಲೆ ಯಾವುದು, ಮಾತ್ರೆ ಯಾವುದು, ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂದು ಇಬ್ಬರೂ ಕೇಳುವುದಿಲ್ಲ. ಉತ್ತರ ಇರುವುದು ಆ ಮೂರು ಪ್ರಶ್ನೆಗಳಲ್ಲೇ. ಈ ಬರಹ ವೈದ್ಯರ ಬದಲಿಗೆ ಅಲ್ಲ. ವೈದ್ಯರ ಮುಂದೆ ಕುಳಿತಾಗ ನೀವು ಬರಿಗೈಯಲ್ಲಿ ಇರಬಾರದು ಎಂಬುದಕ್ಕಾಗಿ.

ಎಲ್ಲಕ್ಕೂ ಮೊದಲು: ಥಟ್ಟನೆ ನಿಲ್ಲಿಸಲೇಬಾರದ ಮಾತ್ರೆಗಳು

ಉಳಿದದ್ದನ್ನು ಓದದಿದ್ದರೂ ಇದನ್ನು ಓದಿ.

ನಿದ್ದೆಗೆ, ಆತಂಕಕ್ಕೆ ಕೊಡುವ ಬೆಂಜೋಡಯಜೆಪೀನ್ ಗುಂಪಿನ ಮಾತ್ರೆಗಳನ್ನು (ಅಲ್ಪ್ರಜೋಲಾಮ್, ಕ್ಲೊನಜೆಪಾಮ್, ಲೊರಜೆಪಾಮ್, ಡಯಜೆಪಾಮ್) ವಾರಗಟ್ಟಲೆ, ತಿಂಗಳುಗಟ್ಟಲೆ ದಿನವೂ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅದು ಪ್ರಾಣಕ್ಕೂ ಕುತ್ತು ತರಬಹುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಒಮ್ಮೆಲೇ ನಿಂತರೆ ಉನ್ಮಾದ (ಮಿತಿಮೀರಿದ ಹುರುಪಿನ ಸ್ಥಿತಿ) ಮರುಕಳಿಸುವ ಅಪಾಯ, ಅದರ ಜೊತೆಗೆ ಆತ್ಮಹತ್ಯೆಯ ಅಪಾಯ, ಎರಡೂ ಏರುತ್ತವೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ನಿಂತರೆ ಸೈಕೋಸಿಸ್ (ಇಲ್ಲದ ಧ್ವನಿ ಕೇಳುವ, ಇಲ್ಲದ್ದನ್ನು ನಿಜವೆಂದು ನಂಬುವ ಸ್ಥಿತಿ) ಮೊದಲಿಗಿಂತ ಜೋರಾಗಿ, ಕೆಲವೇ ದಿನಗಳಲ್ಲಿ ಹಿಂದಿರುಗಬಹುದು. ಮೂರ್ಛೆರೋಗಕ್ಕೂ ಬಳಸುವ ವಾಲ್ಪ್ರೊಯೇಟ್, ಲ್ಯಾಮೊಟ್ರಿಜಿನ್‌ನಂಥವುಗಳನ್ನೂ ಒಮ್ಮೆಲೇ ಬಿಡುವಂತಿಲ್ಲ.

ಇದಕ್ಕೆ ಅಪವಾದಗಳಿವೆ. ಲ್ಯಾಮೊಟ್ರಿಜಿನ್ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ, ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾಗಿ ಕೈ ಜೋರಾಗಿ ನಡುಗಿ ಮಾತು ತೊದಲತೊಡಗಿದರೆ, ಸೈಕೋಸಿಸ್ ಔಷಧ ತೆಗೆದುಕೊಳ್ಳುವವರಿಗೆ ವಿಪರೀತ ಜ್ವರದೊಂದಿಗೆ ಮೈ ಸೆಟೆದುಕೊಂಡರೆ, ಮುಂದಿನ ಡೋಸ್ ತೆಗೆದುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಡೋಸ್ ಕಡಿಮೆ ಮಾಡುವ ಮಾತನ್ನು ಬದಿಗಿಡಿ. ಈಗಲೇ ಒಬ್ಬ ಮನುಷ್ಯನಿಗೆ ಅದನ್ನು ಬಾಯಿಬಿಟ್ಟು ಹೇಳಿ. ತುರ್ತು ಚಿಕಿತ್ಸೆಗೆ ಹೋಗಿ ಅಥವಾ ಸಹಾಯವಾಣಿಗೆ ಕರೆ ಮಾಡಿ.

ಹೆಜ್ಜೆ 1: ನಿಮ್ಮ ಮಾತ್ರೆಯ ಜಾತಕ ಬರೆದುಕೊಳ್ಳಿ

ಒಂದು ಹಾಳೆ ಸಾಕು. ಪ್ರತಿ ಮಾತ್ರೆಯ ಮೂಲ ಹೆಸರು (ಕಂಪನಿಯ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು), ಎಷ್ಟು ಮಿಲಿಗ್ರಾಂ, ಯಾವಾಗ ಶುರುವಾಯಿತು, ಯಾವ ತೊಂದರೆಗೆಂದು ಕೊಟ್ಟರು, ಡೋಸ್ ಯಾವಾಗ ಏರಿತು ಅಥವಾ ಇಳಿಯಿತು. ಹಿಂದೆ ಯಾವಾಗಲಾದರೂ ಬಿಟ್ಟಿದ್ದರೆ ಏನಾಯಿತು, ಎಷ್ಟು ದಿನಕ್ಕೆ ಆಯಿತು ಎಂಬುದನ್ನೂ ಸೇರಿಸಿ. ಈ ಕೊನೆಯ ಸಾಲೇ ಮುಂದಿನ ಎಲ್ಲ ತೀರ್ಮಾನಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು.

ಬರೆಯುವಾಗ ಒಂದು ವಿಚಿತ್ರ ಹಲವರ ಕಣ್ಣಿಗೆ ಬೀಳುತ್ತದೆ. ಒಂದು ಮಾತ್ರೆ ಕಾಯಿಲೆಗೆ, ಎರಡನೆಯದು ಮೊದಲನೆಯದರ ನಡುಕಕ್ಕೆ, ಮೂರನೆಯದು ಆಸ್ಪತ್ರೆಯಲ್ಲಿದ್ದಾಗ ನಿದ್ದೆಗೆಂದು ಕೊಟ್ಟದ್ದು, ಯಾರೂ ತೆಗೆದುಹಾಕದ ಕಾರಣಕ್ಕೆ ಮುಂದುವರಿದದ್ದು. ಇಂಥ ಪಟ್ಟಿಯಲ್ಲಿ ಮುಖ್ಯ ಮಾತ್ರೆಗೆ ಕೈ ಹಾಕುವ ಮೊದಲು ಯಾವುದನ್ನು ಇಳಿಸಬಹುದು ಎಂದು ಕೇಳುವುದಕ್ಕೆ ಜಾಗ ಸಿಗುತ್ತದೆ.

ಹೆಜ್ಜೆ 2: ನಿಮ್ಮ ಕಾಯಿಲೆಗೆ ಲೆಕ್ಕಾಚಾರ ಏನು ಹೇಳುತ್ತದೆ

ಇಲ್ಲಿ ಅಂಕಿಸಂಖ್ಯೆ ನೋಡದೆ ವಿಧಿಯಿಲ್ಲ. "ಮಾನಸಿಕ ಮಾತ್ರೆ" ಎಂಬ ಒಂದೇ ವಸ್ತು ಇಲ್ಲ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲ ಬಾರಿ ಖಿನ್ನತೆ ಬಂದು ಗುಣವಾದವರಿಗೆ ಸಾಮಾನ್ಯವಾಗಿ ಹೇಳುವುದು, ಲಕ್ಷಣಗಳು ಪೂರ್ತಿ ಹೋದ ಮೇಲೆ ಕನಿಷ್ಠ 6 ತಿಂಗಳು ಅದೇ ಡೋಸ್ ಮುಂದುವರಿಯಲಿ ಎಂದು. ಇಲ್ಲಿ ಎಣಿಕೆ ಶುರುವಾಗುವುದು ಮಾತ್ರೆ ಆರಂಭಿಸಿದ ದಿನದಿಂದಲ್ಲ, ಚೆನ್ನಾದ ದಿನದಿಂದ. ಈ ವ್ಯತ್ಯಾಸವನ್ನು ಬಹಳ ಮಂದಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಪದೇ ಪದೇ ಮರುಕಳಿಸಿದ್ದರೆ, ಬಂದಾಗಲೆಲ್ಲ ತೀವ್ರವಾಗಿದ್ದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು. 2021ರಲ್ಲಿ ಪ್ರಕಟವಾದ ಆಂಟ್ಲರ್ ಎಂಬ ಬ್ರಿಟಿಷ್ ಅಧ್ಯಯನ ದೀರ್ಘಕಾಲ ಖಿನ್ನತೆಯ ಮಾತ್ರೆ ತೆಗೆದುಕೊಂಡು, ಈಗ ಚೆನ್ನಾಗಿದ್ದೇವೆ, ನಿಲ್ಲಿಸಬಹುದು ಎನ್ನುತ್ತಿದ್ದವರನ್ನೇ ಆರಿಸಿಕೊಂಡಿತು. ಒಂದು ವರ್ಷದಲ್ಲಿ, ನಿಲ್ಲಿಸಿದವರಲ್ಲಿ 56 ಶೇಕಡಾ ಮಂದಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ 39 ಶೇಕಡಾ ಮಂದಿಗೆ. ಈ ಎರಡು ಸಂಖ್ಯೆಗಳನ್ನು ಒಟ್ಟಿಗೇ ಓದಬೇಕು. ನಿಲ್ಲಿಸಿದರೆ ಅಪಾಯ ಹೆಚ್ಚು, ನಿಜ. ಆದರೆ ನಿಲ್ಲಿಸಿದವರಲ್ಲೂ 44 ಶೇಕಡಾ ಮಂದಿ ಆ ವರ್ಷವನ್ನು ಮರುಕಳಿಕೆಯಿಲ್ಲದೆ ದಾಟಿದರು. ತಪ್ಪದೆ ಮಾತ್ರೆ ನುಂಗಿದವರಲ್ಲೂ ಹಲವರಿಗೆ ಖಿನ್ನತೆ ಬಂದಿತು.

ಸ್ಕಿಜೋಫ್ರೇನಿಯಾದ ಲೆಕ್ಕ ಇನ್ನೂ ಕಟು. 2012ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧದಲ್ಲಿದ್ದವರಲ್ಲಿ 27 ಶೇಕಡಾ, ನಕಲಿ ಮಾತ್ರೆಯಲ್ಲಿದ್ದವರಲ್ಲಿ (ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಮಾತ್ರೆ) 64 ಶೇಕಡಾ. ಆ ಪ್ರಯೋಗಗಳಲ್ಲಿ ಕೆಲವು ಔಷಧವನ್ನು ಒಮ್ಮೆಲೇ ನಿಲ್ಲಿಸಿದ್ದವು, ಅದಕ್ಕೇ ಹೀಗಾಗಿರಬೇಕು ಎಂಬ ವಾದವಿತ್ತು. ನಿಧಾನವಾಗಿ ಇಳಿಸಿದರೆ ಹೇಗೆ ಎಂದು ನೋಡಿದ್ದು 2023ರ ರೇಡಾರ್ ಅಧ್ಯಯನ. ಎರಡು ವರ್ಷಗಳಲ್ಲಿ ತೀವ್ರ ಮರುಕಳಿಕೆ ಇಳಿಸಿದ ಗುಂಪಿನಲ್ಲಿ 25 ಶೇಕಡಾ, ಮುಂದುವರಿಸಿದ ಗುಂಪಿನಲ್ಲಿ 13 ಶೇಕಡಾ. ಬದುಕಿನ ನಿರ್ವಹಣೆ ಇಳಿಸಿದವರಲ್ಲಿ ಉತ್ತಮವಾಗಿರಬಹುದು ಎಂಬ ನಿರೀಕ್ಷೆಯೂ ಆ ಅವಧಿಯಲ್ಲಿ ಕೈಗೂಡಲಿಲ್ಲ. ಇದಕ್ಕೆ ಎದುರಾಗಿ ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಅಧ್ಯಯನವಿದೆ (2013). ಮೊದಲ ಸೈಕೋಸಿಸ್ ಆದವರಲ್ಲಿ ಡೋಸ್ ಇಳಿಸುವ ಅಥವಾ ನಿಲ್ಲಿಸುವ ಯತ್ನ ಮಾಡಿದವರು ಏಳು ವರ್ಷಗಳ ನಂತರ, ಕೆಲಸ ಮತ್ತು ಸಂಬಂಧಗಳೂ ಸೇರಿದ ಪೂರ್ಣ ಚೇತರಿಕೆಯಲ್ಲಿ ಮುಂದಿದ್ದರು: 40 ಶೇಕಡಾ, ಎದುರಿಗೆ 18 ಶೇಕಡಾ. ಅದರಲ್ಲಿ ಇದ್ದವರು ನೂರು ಚಿಲ್ಲರೆ ಮಂದಿ ಮಾತ್ರ. ಹಾಗಾಗಿ ಅದನ್ನೇ ಧ್ವಜದಂತೆ ಹಿಡಿದು ಓಡಬೇಡಿ, ಆದರೆ "ಎಷ್ಟು ಕಡಿಮೆ ಡೋಸ್‌ನಲ್ಲಿ ನಾನು ಚೆನ್ನಾಗಿರಬಲ್ಲೆ?" ಎಂದು ಕೇಳುವುದಕ್ಕೆ ಅದು ಸಕಾರಣ ಕೊಡುತ್ತದೆ.

ಬೈಪೋಲಾರ್‌ನಲ್ಲಿ, ಅದರಲ್ಲೂ ಉನ್ಮಾದ ಒಂದಕ್ಕಿಂತ ಹೆಚ್ಚು ಬಾರಿ ಬಂದವರಲ್ಲಿ, ದೀರ್ಘಕಾಲದ ಔಷಧವೇ ಸಾಮಾನ್ಯ ಸಲಹೆ. ಲಿಥಿಯಂ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅವರ ವರದಿಯಿಂದ ಬೆಳಕಿಗೆ ಬಂದ ಹಳೆಯ ಮದ್ದು. ಮರುಕಳಿಕೆ ತಡೆಯುವುದರಲ್ಲಿ ಅದು ಇಂದಿಗೂ ಮುಂಚೂಣಿಯಲ್ಲಿದೆ. ಇನ್ನು ಬೆಂಜೋಡಯಜೆಪೀನ್ ಗುಂಪಿನದ್ದು ತದ್ವಿರುದ್ಧ ಕಥೆ. ಅವು ಬಹುತೇಕ ಅಲ್ಪಾವಧಿಗೆಂದೇ ಇರುವಂಥವು, ಅಲ್ಲಿ ಪ್ರಶ್ನೆ ನಿಲ್ಲಿಸಬೇಕೇ ಎಂಬುದಕ್ಕಿಂತ ಹೇಗೆ ನಿಲ್ಲಿಸಬೇಕು ಎಂಬುದು.

ಹೆಜ್ಜೆ 3: ಯಾಕೆ ಬೇಡವೆನಿಸುತ್ತಿದೆ ಎಂಬುದಕ್ಕೆ ಹೆಸರಿಡಿ

"ಮಾತ್ರೆ ಸಾಕಾಗಿದೆ" ಎಂಬ ಒಂದೇ ವಾಕ್ಯದ ಹಿಂದೆ ಹತ್ತು ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳಲ್ಲಿ ಎಷ್ಟೋ ಕಾರಣಗಳಿಗೆ ಮಾತ್ರೆ ನಿಲ್ಲಿಸುವುದಕ್ಕಿಂತ ಸಣ್ಣ ಪರಿಹಾರವಿದೆ.

ಬೆಳಗ್ಗೆ ಮಂಪರು ಬಿಡುವುದಿಲ್ಲವೇ? ರಾತ್ರಿ ಇನ್ನೂ ಸ್ವಲ್ಪ ಬೇಗ ತೆಗೆದುಕೊಂಡರೆ, ಡೋಸ್ ಸ್ವಲ್ಪ ತಗ್ಗಿಸಿದರೆ ಸರಿಹೋಗಬಹುದು. ತೂಕ ಏರುತ್ತಿದೆಯೇ? ಒಲಾಂಜಪಿನ್, ಕ್ಲೋಜಪಿನ್‌ನಂಥ ಸೈಕೋಸಿಸ್ ಔಷಧಗಳಲ್ಲಿ ಇದು ತೀರಾ ಸಾಮಾನ್ಯ. ತೂಕ ಅಷ್ಟಾಗಿ ಏರಿಸದ ಬೇರೆ ಔಷಧಗಳಿವೆ, ಜೊತೆಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ರೂಢಿಯೂ ಇದೆ. ಏರಿದ ಮೇಲೆ ಇಳಿಸುವುದಕ್ಕಿಂತ ಮೊದಲ ತಿಂಗಳುಗಳಲ್ಲೇ ಕೇಳುವುದು ಮೇಲು.

ಲೈಂಗಿಕ ಆಸಕ್ತಿ ಹೋಗಿದೆ, ಅಥವಾ ಆಸಕ್ತಿಯಿದ್ದರೂ ದೇಹ ಸ್ಪಂದಿಸುವುದಿಲ್ಲ ಎನ್ನುವುದು ಮಾತ್ರೆ ಬಿಡುವುದಕ್ಕೆ ದೊಡ್ಡ ಕಾರಣ, ಬಾಯಿಬಿಟ್ಟು ಹೇಳುವುದು ಮಾತ್ರ ಅತಿ ಕಡಿಮೆ. ಅದೂ ಒಂದು ಲಕ್ಷಣವೇ. ಹೊಟ್ಟೆನೋವಿನಷ್ಟೇ ಸಹಜವಾಗಿ ಹೇಳಬಹುದು. ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಔಷಧ ಬದಲಿಸುವುದು, ಡೋಸ್ ಇಳಿಸುವುದು, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸುವುದು, ಇವೆಲ್ಲ ಆಮೇಲೆ ಸಾಧ್ಯವಾಗುತ್ತವೆ.

ಅಕತೀಸಿಯಾ ಎಂಬ ಇನ್ನೊಂದು ಪರಿಣಾಮವನ್ನು ಎಲ್ಲರೂ ತಿಳಿದಿರಬೇಕು. ಕುಳಿತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲು ತಾನಾಗಿ ಅಲುಗಾಡುತ್ತದೆ. ಒಳಗಿನಿಂದ ಯಾರೋ ತಳ್ಳಿದಂತೆ ಕೋಣೆಯ ಉದ್ದಗಲ ನಡೆಯಬೇಕೆನಿಸುತ್ತದೆ, ನಡೆದರೂ ಸಮಾಧಾನವಿಲ್ಲ. ಮನೆಯವರು ಇದನ್ನು ಆತಂಕ ಎನ್ನುತ್ತಾರೆ. ಕಾಯಿಲೆ ಹೆಚ್ಚಾಗಿದೆ ಎಂದು ಡೋಸ್ ಏರಿಸಿದ್ದೂ ಉಂಟು, ಅದರಿಂದ ಯಾತನೆ ಮತ್ತೂ ಏರುತ್ತದೆ. ಇದು ಸೈಕೋಸಿಸ್ ಔಷಧಗಳಿಂದ, ಕೆಲವೊಮ್ಮೆ ಖಿನ್ನತೆಯ ಮಾತ್ರೆಗಳಿಂದಲೂ ಬರುತ್ತದೆ. ಡೋಸ್ ಇಳಿಸುವಾಗಲೂ ಕಾಣಿಸಿಕೊಳ್ಳಬಹುದು. ತಡೆಯಲಾಗದಷ್ಟು ಆದಾಗ ಸಾವಿನ ಯೋಚನೆಯೂ ಬರುತ್ತದೆ. ಆದ್ದರಿಂದ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ, ಕೂಡಲೇ ತಿಳಿಸಿ. ಇದಕ್ಕೆ ಚಿಕಿತ್ಸೆಯಿದೆ.

ಕಾರಣ ದೇಹದ್ದಲ್ಲದೆಯೂ ಇರಬಹುದು. ದಿನವೂ ಮಾತ್ರೆ ಕೈಗೆತ್ತಿಕೊಂಡಾಗ "ನಾನು ರೋಗಿ" ಎಂದು ನೆನಪಾಗುವುದು, ಮದುವೆಯ ಮಾತುಕತೆಯಲ್ಲಿ ಮುಚ್ಚಿಡಬೇಕಾಗಿ ಬರುವುದು, ಹಣದ ಹೊರೆ, ಸಂತೋಷವೂ ದುಃಖವೂ ಒಂದೇ ಮಟ್ಟಕ್ಕೆ ಚಪ್ಪಟೆಯಾದಂತೆ ಅನ್ನಿಸುವುದು. ಇವು ಸಣ್ಣ ಕಾರಣಗಳಲ್ಲ. ಬೈಪೋಲಾರ್ ಇರುವವರಲ್ಲಿ ಒಂದು ವಿಶೇಷ ಕಾರಣವೂ ಇದೆ: ಉನ್ಮಾದದ ಆರಂಭದ ದಿನಗಳ ಹುರುಪನ್ನು ಮನಸ್ಸು ಬಯಸುತ್ತದೆ. ಮಾತ್ರೆ ಬೇಡವೆಂಬ ಯೋಚನೆ ಎರಡು ಮೂರು ರಾತ್ರಿ ನಿದ್ದೆ ಕಡಿಮೆಯಾಗಿ, ಆದರೂ ದಣಿವೇ ಇಲ್ಲದ ದಿನಗಳಲ್ಲಿ ಬಂದಿದ್ದರೆ, ಅದನ್ನು ತೀರ್ಮಾನ ಎಂದಲ್ಲ, ಲಕ್ಷಣ ಎಂದು ಓದಿಕೊಳ್ಳಿ.

ಗರ್ಭ ಧರಿಸುವ ಯೋಚನೆ ಇದ್ದರೆ ತಿಂಗಳುಗಳ ಮೊದಲೇ ವೈದ್ಯರನ್ನು ಕಾಣಬೇಕು. ವಾಲ್ಪ್ರೊಯೇಟ್ ಗರ್ಭದಲ್ಲಿ ಬೆಳೆಯುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗದೋಷ ತರುತ್ತದೆ, ಬುದ್ಧಿ ಬೆಳವಣಿಗೆಗೂ ಹೊಡೆತ ಕೊಡುತ್ತದೆ. ಅದನ್ನು ಮೊದಲೇ ಬದಲಿಸಬೇಕು. ಆದರೆ ಗರ್ಭಿಣಿ ಎಂದು ತಿಳಿದ ದಿನವೇ ಗಾಬರಿಯಿಂದ ಎಲ್ಲ ಮಾತ್ರೆ ಎಸೆಯುವುದೂ ಅಪಾಯವೇ. ಎಷ್ಟೋ ಔಷಧಗಳನ್ನು ಗರ್ಭಾವಸ್ಥೆಯಲ್ಲೂ ಮುಂದುವರಿಸುತ್ತಾರೆ. ತಾಯಿಯ ಕಾಯಿಲೆ ಕೆರಳಿದರೆ ಮಗುವಿಗೂ ಒಳ್ಳೆಯದಲ್ಲ.

ಹೆಜ್ಜೆ 4: ವೈದ್ಯರೊಂದಿಗೆ ಮಾತು

ಕೆಲವೇ ನಿಮಿಷದ ಭೇಟಿಯಲ್ಲಿ ಇದನ್ನು ಮಾತನಾಡುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಕೊನೆಯಲ್ಲಿ ಬಾಗಿಲ ಬಳಿ ನಿಂತು ಕೇಳಬೇಡಿ, ಕುಳಿತ ಕೂಡಲೇ ಕೇಳಿ: "ಈ ಮಾತ್ರೆಯನ್ನು ಇಳಿಸುವ ಬಗ್ಗೆ ಮಾತನಾಡಬೇಕು. ನಿಲ್ಲಿಸಿದರೆ ನನ್ನ ವಿಷಯದಲ್ಲಿ ಅಪಾಯ ಎಷ್ಟು? ಮುಂದುವರಿಸಿದರೆ ಹತ್ತು ವರ್ಷದಲ್ಲಿ ದೇಹಕ್ಕೆ ಏನಾಗಬಹುದು? ಇಳಿಸುವುದಾದರೆ ಯಾವ ವೇಗದಲ್ಲಿ? ನಡುವೆ ತೊಂದರೆಯಾದರೆ ಯಾರನ್ನು ಸಂಪರ್ಕಿಸಲಿ?"

ಈಗಾಗಲೇ ಬಿಟ್ಟಿದ್ದರೆ ಅದನ್ನೇ ಮೊದಲು ಹೇಳಿ. ಬೈಗುಳ ಬಿದ್ದರೂ ಬೀಳಲಿ, ಮುಚ್ಚಿಟ್ಟರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ನೀವು ತೆಗೆದುಕೊಳ್ಳುತ್ತಲೇ ಇದ್ದೀರಿ ಎಂದು ನಂಬಿದ ವೈದ್ಯರು ಈ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಡೋಸ್ ಏರಿಸಬಹುದು ಅಥವಾ ಇನ್ನೊಂದನ್ನು ಸೇರಿಸಬಹುದು.

ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾಗಿ ಚರ್ಚೆ ಮುಗಿಸುವ ವೈದ್ಯರಿದ್ದರೆ, ಬೇರೊಬ್ಬ ಮನೋವೈದ್ಯರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಆದರೆ "ಬೇಡ" ಎಂದವರೆಲ್ಲ ಕಿವಿಗೊಡದವರಲ್ಲ. ಕಾರಣ ಕೊಟ್ಟು ಬೇಡ ಎಂದರೆ ಆ ಕಾರಣವನ್ನು ಮನೆಗೆ ತಂದು ನಿಧಾನವಾಗಿ ಯೋಚಿಸಿ.

ಹೆಜ್ಜೆ 5: ಸಮಯ ಆರಿಸಿಕೊಳ್ಳಿ

ಪರೀಕ್ಷೆ, ಹೊಸ ಕೆಲಸ, ಮನೆ ಬದಲಾವಣೆ, ಸಾವು, ವಿಚ್ಛೇದನ, ಹೆರಿಗೆಯಾದ ಮೇಲಿನ ಮೊದಲ ತಿಂಗಳುಗಳು, ಇವುಗಳ ನಡುವೆ ಡೋಸ್ ಇಳಿಸಲು ಹೊರಡಬೇಡಿ. ವರ್ಷದ ಒಂದು ಕಾಲದಲ್ಲೇ ಪ್ರತಿ ಬಾರಿ ಕಾಯಿಲೆ ಮರುಕಳಿಸಿದ್ದರೆ ಆ ಕಾಲ ದಾಟಲಿ. ನಿದ್ದೆ ಕೆಲವು ತಿಂಗಳಿಂದ ಸ್ಥಿರವಾಗಿರಬೇಕು. ಮದ್ಯ, ಗಾಂಜಾ ಇರಬಾರದು. ಮನಶ್ಚಿಕಿತ್ಸೆಗೆ ಅವಕಾಶವಿದ್ದರೆ ಇಳಿಸುವ ಮೊದಲೇ ಶುರುಮಾಡಿ. ಸಾವಧಾನತೆ (ಮೈಂಡ್‌ಫುಲ್‌ನೆಸ್) ಆಧಾರಿತ ಚಿಕಿತ್ಸೆಯ ನೆರವಿನಿಂದ ಮಾತ್ರೆ ಇಳಿಸಿದವರನ್ನೂ ಮಾತ್ರೆ ಮುಂದುವರಿಸಿದವರನ್ನೂ ಹೋಲಿಸಿದ 2015ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಎರಡು ವರ್ಷಗಳ ಖಿನ್ನತೆಯ ಮರುಕಳಿಕೆ ಕ್ರಮವಾಗಿ 44 ಮತ್ತು 47 ಶೇಕಡಾ ಇತ್ತು. ಅಂದರೆ ಹೆಚ್ಚುಕಡಿಮೆ ಸಮ.

ಹೆಜ್ಜೆ 6: ಇಳಿಸುವ ಕ್ರಮ

ಹಳೆಯ ಪದ್ಧತಿ ಹೀಗಿತ್ತು: ಎರಡು ವಾರ ಅರ್ಧ ಮಾತ್ರೆ, ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ನಿಲುಗಡೆ. ಕೆಲವರಿಗೆ ಇದು ಸಲೀಸಾಗಿ ನಡೆಯುತ್ತದೆ. ಹಲವರಿಗೆ ನಡೆಯುವುದಿಲ್ಲ. ಯಾಕೆಂಬುದನ್ನು 2019ರಲ್ಲಿ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಒಂದು ಲೇಖನದಲ್ಲಿ ವಿವರಿಸಿದರು.

ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನೇ ನೋಡಿ. 20 ಮಿಲಿಗ್ರಾಂ ಮಿದುಳಿನಲ್ಲಿ ತನ್ನ ಗುರಿತಾಣಗಳ ಸುಮಾರು 80 ಶೇಕಡಾ ಭಾಗವನ್ನು ಹಿಡಿದಿಡುತ್ತದೆ. ಡೋಸ್ ಅರ್ಧಕ್ಕೆ ಇಳಿಸಿ ಸುಮಾರು 9 ಮಿಲಿಗ್ರಾಂಗೆ ತಂದರೂ ಅದು 70 ಶೇಕಡಾದಷ್ಟು ಇರುತ್ತದೆ. ಸುಮಾರು 5 ಮಿಲಿಗ್ರಾಂನಲ್ಲಿ 60ರ ಹತ್ತಿರ. ಎರಡು ಮಿಲಿಗ್ರಾಂ ಚಿಲ್ಲರೆಯಲ್ಲೂ 40 ಶೇಕಡಾ! ಮೇಲಿನ ಮೆಟ್ಟಿಲುಗಳು ಗೇಣುದ್ದ, ಕೊನೆಯ ಮೆಟ್ಟಿಲು ಮಾತ್ರ ಆಳೆತ್ತರ. 20ರಿಂದ 10ಕ್ಕೆ ಇಳಿದಾಗ ಏನೂ ಆಗಲಿಲ್ಲ ಎಂದು ಧೈರ್ಯ ತಂದುಕೊಂಡವರು 5ರಿಂದ ಸೊನ್ನೆಗೆ ಹಾರಿದಾಗ ಬೀಳುವುದು ಇದಕ್ಕೇ.

ಆದ್ದರಿಂದ ಈಗಿನ ಸಲಹೆ ಪ್ರಮಾಣ ನೋಡಿ ಇಳಿಸುವುದು: ಪ್ರತಿ ಹಂತದಲ್ಲೂ ಆಗ ಇರುವ ಡೋಸ್‌ನ ಒಂದು ಭಾಗವನ್ನು ಕಳೆಯುವುದು, ಮೂಲ ಡೋಸ್‌ನದ್ದಲ್ಲ. ಕೆಲವೇ ತಿಂಗಳು ತೆಗೆದುಕೊಂಡವರಿಗೆ ಕೆಲವು ವಾರಗಳು ಸಾಕಾಗಬಹುದು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಕ್ಕೂ ಹೆಚ್ಚು. ಒಂದು ಹಂತ ಇಳಿಸಿ ಎರಡರಿಂದ ನಾಲ್ಕು ವಾರ ನಿಲ್ಲಿ, ದೇಹ ಒಗ್ಗಿಕೊಂಡಿದೆ ಎನಿಸಿದ ಮೇಲೆ ಮುಂದಿನದು. ಒಗ್ಗದಿದ್ದರೆ ಅಲ್ಲೇ ಇರಿ ಅಥವಾ ಹಿಂದಿನ ಹಂತಕ್ಕೆ ಏರಿ. ಕ್ಯಾಲೆಂಡರ್ ನಿಮಗೆ ಹೇಳಬಾರದು, ನೀವು ಕ್ಯಾಲೆಂಡರ್‌ಗೆ ಹೇಳಬೇಕು.

ಕೈಗೆ ಬರುವ ತೊಡಕುಗಳು ಇನ್ನೊಂದು ಬಗೆ. ನಡುವೆ ಗೆರೆಯಿರುವ ಮಾತ್ರೆಯನ್ನು ಔಷಧದಂಗಡಿಯಲ್ಲಿ ಸಿಗುವ ಸಣ್ಣ ಕತ್ತರಿಪೆಟ್ಟಿಗೆಯಲ್ಲಿಟ್ಟು ಒತ್ತಿದರೆ ಅರ್ಧ ನೇರ ಸಿಗುತ್ತದೆ. ಕಾಲು ಭಾಗ ಮಾಡಲು ಹೋದರೆ ಅಂಚು ಪುಡಿಯಾಗಿ ಒಂದು ತುಂಡು ದೊಡ್ಡದು, ಒಂದು ಚಿಕ್ಕದು. ಅದಕ್ಕಿಂತ ಕಡಿಮೆ ಬೇಕಾದಾಗ ದ್ರವರೂಪದ ಔಷಧ ಕೇಳಿ. ಹಲವು ಔಷಧಗಳಿಗೆ ಅದು ಇದೆ, ಸಿರಿಂಜಿನಲ್ಲಿ ಅಳೆದು ಕುಡಿಯಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು (ಎಕ್ಸ್‌ಆರ್, ಎಸ್‌ಆರ್, ಸಿಆರ್ ಎಂದು ಬರೆದಿರುತ್ತದೆ) ಪುಡಿ ಮಾಡಲೇಬೇಡಿ, ವೈದ್ಯರನ್ನೋ ಔಷಧ ವಿತರಕರನ್ನೋ ಕೇಳದೆ ಕತ್ತರಿಸಲೂ ಬೇಡಿ. ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಬಹುದು. ದಿನ ಬಿಟ್ಟು ದಿನ ತೆಗೆದುಕೊಳ್ಳುವುದೂ ಹೆಚ್ಚಿನ ಮಾತ್ರೆಗಳಿಗೆ ಒಳ್ಳೆಯ ದಾರಿಯಲ್ಲ. ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗಳು ದೇಹದಿಂದ ಬೇಗ ಹೊರಬೀಳುತ್ತವೆ, ಒಂದು ದಿನ ತಪ್ಪಿದರೇ ಸಂಜೆಗೆ ತಲೆ ತೂಗತೊಡಗುತ್ತದೆ; ಬಿಡಲು ಕಷ್ಟವೆಂದು ಹೆಸರಾದವೂ ಇವೇ. ಅದೇ ಬಗೆಯ ಫ್ಲುಯಾಕ್ಸೆಟಿನ್ ಮಾತ್ರ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ, ಹಾಗಾಗಿ ಬಿಡುವುದು ಸುಲಭ.

ಲಿಥಿಯಂ ಇಳಿಸುವುದಾದರೆ ಕನಿಷ್ಠ 4 ವಾರ, ಆದಷ್ಟು ಮಟ್ಟಿಗೆ 3 ತಿಂಗಳು. ಬೆಂಜೋಡಯಜೆಪೀನ್ ದೀರ್ಘಕಾಲ ತೆಗೆದುಕೊಂಡಿದ್ದರೆ ಪ್ರತಿ ಎರಡರಿಂದ ನಾಲ್ಕು ವಾರಕ್ಕೆ 5ರಿಂದ 10 ಶೇಕಡಾ. ಕೆಲವೊಮ್ಮೆ ಮೊದಲು ಡಯಜೆಪಾಮ್‌ಗೆ ಬದಲಿಸಿಕೊಂಡು ಇಳಿಸುತ್ತಾರೆ. ಸೈಕೋಸಿಸ್ ಔಷಧ ಇಳಿಸುವುದು ಇವೆಲ್ಲಕ್ಕಿಂತ ನಿಧಾನ. ಅಲ್ಲಿ ಪೂರ್ತಿ ನಿಲ್ಲಿಸುವುದನ್ನೇ ಗುರಿಯಾಗಿಟ್ಟುಕೊಳ್ಳುವುದಕ್ಕಿಂತ, ಸಾಕಾಗುವಷ್ಟು ಕಡಿಮೆ ಡೋಸ್ ಯಾವುದು ಎಂದು ಹುಡುಕುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ಹಲವು ಮಾತ್ರೆಗಳಿದ್ದರೆ ಒಂದು ಹೊತ್ತಿಗೆ ಒಂದೇ. ಎರಡನ್ನು ಒಟ್ಟಿಗೆ ಇಳಿಸಿದರೆ ಯಾವುದರಿಂದ ಏನಾಯಿತು ಎಂಬುದು ದೇವರಿಗೇ ಗೊತ್ತು.

ಹೆಜ್ಜೆ 7: ಬಿಟ್ಟ ಪರಿಣಾಮವೋ, ಕಾಯಿಲೆಯೋ?

ಅತಿ ಹೆಚ್ಚು ಗೊಂದಲ ಇಲ್ಲೇ. ಮಾತ್ರೆ ಇಳಿಸಿದಾಗ ಅಳು, ಆತಂಕ, ಸಿಡುಕು, ನಿದ್ರಾಹೀನತೆ ಬರುತ್ತವೆ. ಖಿನ್ನತೆ ಮರಳಿದಾಗಲೂ ಅವೇ ಬರುತ್ತವೆ. ಹಾಗಿದ್ದರೂ ಬೇರ್ಪಡಿಸಲು ಮೂರು ಸುಳಿವುಗಳಿವೆ.

ಮೊದಲನೆಯದು ಸಮಯ. ಬಿಟ್ಟ ಪರಿಣಾಮ ಸಾಮಾನ್ಯವಾಗಿ ಡೋಸ್ ಇಳಿಸಿದ ಕೆಲವು ದಿನಗಳಲ್ಲೇ ಶುರುವಾಗುತ್ತದೆ. ಖಿನ್ನತೆಯ ಮರುಕಳಿಕೆ ವಾರಗಳು, ತಿಂಗಳುಗಳು ಕಳೆದ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತದೆ. (ಫ್ಲುಯಾಕ್ಸೆಟಿನ್ ಈ ನಿಯಮಕ್ಕೆ ಹೊರತು, ಅದರ ಪರಿಣಾಮ ತಡವಾಗಿ ಬರಬಹುದು.) ಎರಡನೆಯದು, ಮೂಲ ಕಾಯಿಲೆಯಲ್ಲಿ ಇಲ್ಲದಿದ್ದ ಹೊಸ ಲಕ್ಷಣಗಳು: ತಲೆಸುತ್ತು, ವಾಕರಿಕೆ, ಜ್ವರ ಬಂದಂಥ ಮೈಕೈ ನೋವು, ಕಣ್ಣಿಗೆ ಕಟ್ಟಿದಂಥ ಕನಸುಗಳು. ಇನ್ನೊಂದಿದೆ, ಅದನ್ನು ಅನುಭವಿಸಿದವರು ಮರೆಯುವುದಿಲ್ಲ. ಕಣ್ಣನ್ನು ಪಕ್ಕಕ್ಕೆ ಹೊರಳಿಸಿದ ಕ್ಷಣ ತಲೆಯೊಳಗೆ ಛಟ್ಟನೆ ಕರೆಂಟು ಹೊಡೆದಂತೆ, ಒಂದು ಸೆಕೆಂಡು ಜಗತ್ತೇ ತಡವರಿಸಿದಂತೆ. ಭಯ ಹುಟ್ಟಿಸುತ್ತದೆ, ಆದರೆ ಮಿದುಳಿಗೆ ಹಾನಿಯಾದ ಗುರುತಲ್ಲ. ಖಿನ್ನತೆಯಲ್ಲಿ ಇದು ಇರುವುದಿಲ್ಲ. ಮೂರನೆಯದು, ಹಿಂದಿನ ಡೋಸ್‌ಗೆ ಮರಳಿದರೆ ಬಿಟ್ಟ ಪರಿಣಾಮ ಒಂದೆರಡು ದಿನಗಳಲ್ಲಿ ತಗ್ಗುತ್ತದೆ. ಮರುಕಳಿಸಿದ ಖಿನ್ನತೆ ಅಷ್ಟು ಬೇಗ ಮಣಿಯುವುದಿಲ್ಲ.

ಇದು ಎಷ್ಟು ಮಂದಿಗೆ ಆಗುತ್ತದೆ? 2024ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಖಿನ್ನತೆಯ ಮಾತ್ರೆ ಬಿಟ್ಟವರಲ್ಲಿ 31 ಶೇಕಡಾ ಮಂದಿ ಏನಾದರೂ ಲಕ್ಷಣ ಹೇಳಿದರು. ನಕಲಿ ಮಾತ್ರೆ ಬಿಟ್ಟವರಲ್ಲೂ 17 ಶೇಕಡಾ ಮಂದಿ ಹೇಳಿದರು! ತೀವ್ರ ಲಕ್ಷಣಗಳು ಸುಮಾರು 3 ಶೇಕಡಾ. ಆ ವಿಶ್ಲೇಷಣೆಯ ಹಲವು ಅಧ್ಯಯನಗಳಲ್ಲಿದ್ದವರು ಅಲ್ಪಕಾಲ ಮಾತ್ರೆ ತೆಗೆದುಕೊಂಡವರು. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಈ ಸಂಖ್ಯೆಯನ್ನು ತಮ್ಮದೆಂದು ನೆಚ್ಚಿಕೊಳ್ಳಬಾರದು.

ಇದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲಾಗದು, ಬರೆಯಬೇಕು. ದಿನಕ್ಕೆ ಒಂದು ಸಾಲು ಸಾಕು. ಉದಾಹರಣೆಗೆ: "10 ಮಿ.ಗ್ರಾಂ, ಆರನೇ ದಿನ. ನಿದ್ದೆ 5 ಗಂಟೆ. ತಲೆಸುತ್ತು ಎರಡು ಸಲ. ಮಧ್ಯಾಹ್ನ ಕಾರಣವಿಲ್ಲದೆ ಅಳು, ಅರ್ಧ ಗಂಟೆಯಲ್ಲಿ ಹೋಯಿತು. ಕೆಲಸಕ್ಕೆ ಹೋದೆ." ಇಂಥ ಮೂವತ್ತು ಸಾಲು ತಂದಿಟ್ಟರೆ ವೈದ್ಯರು ಊಹಿಸಬೇಕಾಗಿಲ್ಲ.

ಸೈಕೋಸಿಸ್, ಉನ್ಮಾದದ ವಿಷಯದಲ್ಲಿ ಈ ತಾಳ್ಮೆ ಬೇಡ. ಧ್ವನಿಗಳು ಮರಳಿದರೆ, ಜನ ನನ್ನನ್ನೇ ನೋಡುತ್ತಿದ್ದಾರೆ ಎನಿಸತೊಡಗಿದರೆ, ರಾತ್ರಿಯಿಡೀ ಎಚ್ಚರವಿದ್ದೂ ಬೆಳಗ್ಗೆ ಚುರುಕಾಗಿದ್ದರೆ, ಅದು ಯಾವುದರಿಂದ ಬಂತೆಂದು ವಿಂಗಡಿಸುತ್ತ ಕೂರದೆ ಆ ದಿನವೇ ವೈದ್ಯರಿಗೆ ತಿಳಿಸಿ.

ಹೆಜ್ಜೆ 8: ಜೊತೆಗೊಬ್ಬರು, ಕೈಯಲ್ಲೊಂದು ಕಾಗದ

ಚೆನ್ನಾಗಿರುವಾಗಲೇ ಒಂದು ಪುಟ ಬರೆದಿಡಿ. ನನ್ನ ಕಾಯಿಲೆ ಶುರುವಾಗುವಾಗ ಮೊದಲು ಕಾಣುವ ಗುರುತುಗಳು ಇವು (ಪ್ರತಿಯೊಬ್ಬರದ್ದೂ ಬೇರೆ: ಒಬ್ಬರು ಫೋನ್ ಎತ್ತುವುದು ಬಿಡುತ್ತಾರೆ, ಇನ್ನೊಬ್ಬರು ನಡುರಾತ್ರಿ ಕಪಾಟು ಜೋಡಿಸಲು ತೊಡಗುತ್ತಾರೆ). ಇವುಗಳಲ್ಲಿ ಎರಡು ಕಂಡರೆ ಇಂಥವರಿಗೆ ಕರೆ ಮಾಡಿ. ಡೋಸ್ ಇಷ್ಟಕ್ಕೆ ಏರಿಸಲು ನಾನೂ ವೈದ್ಯರೂ ಮೊದಲೇ ಒಪ್ಪಿದ್ದೇವೆ. ಆಸ್ಪತ್ರೆ ಬೇಕಾದರೆ ಇಲ್ಲಿಗೆ, ಇಂಥ ಔಷಧ ನನಗೆ ಒಗ್ಗಲಿಲ್ಲ, ಅದು ಬೇಡ. ಇದರ ಒಂದು ಪ್ರತಿ ನಿಮ್ಮ ನಂಬಿಕೆಯ ಒಬ್ಬರ ಬಳಿ ಇರಲಿ. ಕಾಯಿಲೆ ಕೆರಳಿದಾಗ ಅದು ತಮಗೇ ಗೊತ್ತಾಗದಿರುವುದು ಸೈಕೋಸಿಸ್‌ನಲ್ಲಿ ಸಾಮಾನ್ಯ. ಆ ಹೊತ್ತಿಗೆ ನಿಮ್ಮ ಪರವಾಗಿ ಮಾತನಾಡುವುದು ಈ ಕಾಗದವೇ.

ಜೊತೆಯಲ್ಲಿರುವವರಿಗೂ ಒಂದು ಮಾತು. ಸಿಟ್ಟು ಬಂದಾಗಲೆಲ್ಲ "ಮಾತ್ರೆ ತೆಗೆದುಕೊಂಡೆಯಾ?" ಎಂದು ಕೇಳಬೇಡಿ. ಉಳಿದವರಂತೆ ಅವರಿಗೂ ಸಕಾರಣ ಸಿಟ್ಟು ಬರುತ್ತದೆ. ಆ ಒಂದು ಪ್ರಶ್ನೆಯಿಂದ ಬೇಸತ್ತು ಮಾತ್ರೆ ಎಸೆದವರಿದ್ದಾರೆ. ಊಟದಲ್ಲಿ ಕದ್ದು ಬೆರೆಸುವುದನ್ನಂತೂ ಮಾಡಲೇಬೇಡಿ. ತಿಳಿದ ದಿನ ಔಷಧದ ಮೇಲಿನ ನಂಬಿಕೆಯ ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮುಂದುವರಿಸುವುದೆಂದು ತೀರ್ಮಾನಿಸಿದರೆ

ಮುಂದುವರಿಸುವುದು ಎಂದರೆ ಚೀಟಿಯನ್ನು ಕಣ್ಣುಮುಚ್ಚಿ ನವೀಕರಿಸುತ್ತ ಹೋಗುವುದಲ್ಲ. ವರ್ಷಕ್ಕೊಮ್ಮೆಯಾದರೂ "ಇದು ಇನ್ನೂ ಬೇಕೇ, ಇಷ್ಟೇ ಬೇಕೇ?" ಎಂಬ ಪ್ರಶ್ನೆ ಮೇಜಿನ ಮೇಲೆ ಬರಬೇಕು. ಲಿಥಿಯಂ ಇದ್ದರೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ತಪ್ಪಬಾರದು. ಬೆವರಿ ನೀರು ಕಡಿಮೆಯಾದಾಗ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದಾಗ ಅದರ ಮಟ್ಟ ಏರುತ್ತದೆ. ಸೈಕೋಸಿಸ್ ಔಷಧವಿದ್ದರೆ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬು ನೋಡಬೇಕು. ತುಟಿ, ನಾಲಿಗೆ, ಬೆರಳು ತಾವಾಗಿ ಚಲಿಸುತ್ತಿವೆಯೇ ಎಂಬುದನ್ನೂ ಗಮನಿಸಬೇಕು. ಬೇಗ ಗುರುತಿಸಿದರೆ ಒಳ್ಳೆಯದು. ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಧೂಮಪಾನ ಬಿಡುವ ಮೊದಲು ವೈದ್ಯರಿಗೆ ಹೇಳಿ. ಬಿಡುವುದು ಒಳ್ಳೆಯದೇ, ಆದರೆ ಹೊಗೆ ನಿಂತರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ಡೋಸ್ ತಗ್ಗಿಸಬೇಕಾಗಬಹುದು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸ್‌ಗೆ ನೇರ ಮರಳುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಏರಿಸಬೇಕಾಗುತ್ತದೆ. ಲ್ಯಾಮೊಟ್ರಿಜಿನ್ ಐದಾರು ದಿನ ತಪ್ಪಿದರೂ ಹಾಗೆಯೇ, ಮೊದಲಿನಿಂದ ಶುರುಮಾಡಬೇಕಾಗಬಹುದು. ಎರಡರಲ್ಲೂ ವೈದ್ಯರಿಗೆ ಕರೆ ಮಾಡದೆ ಮತ್ತೆ ಆರಂಭಿಸಬೇಡಿ. ದಿನವೂ ನೆನಪಿಟ್ಟುಕೊಳ್ಳುವುದೇ ಕಷ್ಟವಾದರೆ, ಕೆಲವು ಸೈಕೋಸಿಸ್ ಔಷಧಗಳು ಎರಡು ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಒಂದು ಚುಚ್ಚುಮದ್ದಾಗಿಯೂ ಸಿಗುತ್ತವೆ.

ಕೊನೆಯ ಮಾತ್ರೆ ಮುಗಿದ ಮೇಲೆ

ಭೇಟಿಗಳು ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಮರುಕಳಿಕೆಯ ಅಪಾಯ ಹೆಚ್ಚು. ಸೈಕೋಸಿಸ್ ಆಗಿದ್ದವರ ಮೇಲೆ, ಔಷಧ ನಿಲ್ಲಿಸಿದ ನಂತರ ಕನಿಷ್ಠ 2 ವರ್ಷ ನಿಗಾ ಇಡಬೇಕು. ಚುಚ್ಚುಮದ್ದು ನಿಲ್ಲಿಸಿದ್ದರೆ ಔಷಧ ವಾರಗಳು, ತಿಂಗಳುಗಳ ಕಾಲ ದೇಹದಲ್ಲಿ ಕರಗುತ್ತಲೇ ಇರುತ್ತದೆ; ಮೂರು ತಿಂಗಳು ಏನೂ ಆಗಲಿಲ್ಲ ಎಂಬುದು ಅಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಮತ್ತೆ ಮಾತ್ರೆ ಬೇಕಾಗಿ ಬಂದರೆ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಅಷ್ಟು ಕಾಲ ಬಿಟ್ಟಿದ್ದು ವ್ಯರ್ಥವೂ ಅಲ್ಲ: ನಿಮಗೆ ಯಾವ ಡೋಸ್‌ನ ಕೆಳಗೆ ಏನಾಗುತ್ತದೆ ಎಂಬುದು ಈಗ ಬರಹದಲ್ಲಿದೆ, ಮುಂದಿನ ಬಾರಿ ಅಲ್ಲಿಗಿಂತ ಒಂದು ಹಂತ ಮೇಲೆ ನಿಲ್ಲಬಹುದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಏನು ಮಾಡಬೇಕೆಂದು ವೈದ್ಯರನ್ನು ಕೇಳಿ. ಕೆಲವರಿಗೆ ತುರ್ತಿಗೆಂದು ಸ್ವಲ್ಪ ಇಟ್ಟುಕೊಳ್ಳಲು ಹೇಳುತ್ತಾರೆ. ಸಾವಿನ ಯೋಚನೆ ಹಿಂದೆ ಬಂದಿದ್ದವರ ಮನೆಯಲ್ಲಿ ಒಂದೂ ಉಳಿಯಬಾರದು. ಹಳೆಯ ಮಾತ್ರೆಗಳನ್ನು ಹಿಂದಕ್ಕೆ ಪಡೆಯುವ ಔಷಧದಂಗಡಿ ಇದ್ದರೆ ಅಲ್ಲಿಗೆ ಕೊಡಿ. ಅದೇ ಕಾಯಿಲೆಯಿರುವ ಗೆಳೆಯರಿಗೆ ಮಾತ್ರ ಕೊಡಬೇಡಿ.